ಇಳಿಯುವ ವಿಮಾನಕ್ಕೆ ಹೊಂಚುಹಾಕುವ ಗಾಳಿ

ಪಾವಗಡ ಸೀಮೆಯ ನಿಡುಗಲ್ಲು ದುರ್ಗದ ಬುಡದಲ್ಲಿ ಬೇಸಗೆಯ ಇಳಿಹೊತ್ತು. ಬಂಡೆಗಳು ಕಾದು ಕೆಂಡವಾಗಿವೆ. ಬಾನಂಚಿನಲ್ಲಿ ಕಾರ್ಮೋಡ ಕವಿಯುತ್ತದೆ. ಮೊದಲ ಹನಿ ಬೀಳುವ ಮುನ್ನವೇ ತಣ್ಣನೆಯ ಗಾಳಿಯೊಂದು ಧೂಳೆಬ್ಬಿಸಿ ನುಗ್ಗಿಬರುತ್ತದೆ. ಭರಣಿ ಮಳೆಗೆ ಕಾದು ಕುಳಿತ ರೈತನಿಗೆ ಅದು ಶುಭವಾರ್ತೆ. ಅಂಥದೇ ಗಾಳಿ ದಕ್ಷಿಣದ ದೇವನಹಳ್ಳಿಯ ವಿಮಾನ ನಿಲ್ದಾಣದ ಮೇಲೆ ಬೀಸಿತೆಂದರೆ, ನೆಲಕ್ಕಿಳಿಯುತ್ತಿರುವ ವೈಮಾನಿಕನಿಗೆ ಅದು ಅಪಾಯದ ಕರೆ.

ಅಲ್ಪ ಅಂತರದಲ್ಲಿ ಗಾಳಿಯ ವೇಗವೋ ದಿಕ್ಕೋ ಥಟ್ಟನೆ ಬದಲಾಗುವುದಕ್ಕೆ ‘ವಿಂಡ್ ಷಿಯರ್’ ಎಂದು ಹೆಸರು. ಗುಡುಗುಮೋಡದಿಂದ ಉದುರುವ ಹನಿಗಳು ಆವಿಯಾಗುವಾಗ ಸುತ್ತಲಿನ ಗಾಳಿ ತಣಿದು ಭಾರವಾಗುತ್ತದೆ. ಕೆಳಕ್ಕೆ ಧುಮುಕಿ, ಚಪ್ಪಡಿಯ ಮೇಲೆ ಸುರಿದ ಕೊಡದ ನೀರಿನಂತೆ ನಾಲ್ದೆಸೆಗೂ ಚಿಮ್ಮುತ್ತದೆ. ಇದರ ಕಿರಿಯ ರೂಪವೇ ‘ಮೈಕ್ರೋಬರ್ಸ್ಟ್’. ಅದರ ಹರಹು 4 ಕಿಲೋಮೀಟರು ಮೀರದು. ಆಯುಷ್ಯ ಕೆಲವೇ ನಿಮಿಷ.

ಇದರ ವಂಚನೆ ಮೂರು ಹಂತದ್ದು. ಮೊದಲು ಎದುರುಗಾಳಿ ಬೀಸಿ ರೆಕ್ಕೆಗಳ ಬಲ ಹೆಚ್ಚುತ್ತದೆ, ವಿಮಾನ ಮೇಲೇಳುತ್ತದೆ. ಚಾಲಕನು ಎಂಜಿನ್ನಿನ ಶಕ್ತಿಯನ್ನು ತಗ್ಗಿಸುತ್ತಾನೆ. ಮರುಗಳಿಗೆಯಲ್ಲಿ ಮೇಲಿಂದೆರಗುವ ಗಾಳಿ ಅದುಮುತ್ತದೆ. ಕೊನೆಗೆ ಹಿಂಗಾಳಿ ತಾಗಿ, ರೆಕ್ಕೆಗಳ ಮೇಲಿನ ಗಾಳಿಯ ವೇಗ ಕುಸಿದು ವಿಮಾನ ಇಳಿದುಹೋಗುತ್ತದೆ. ಎತ್ತರದಲ್ಲಾದರೆ ಸುಧಾರಿಸಿಕೊಳ್ಳಲು ಅವಕಾಶವುಂಟು. ನೆಲ ಕೆಲವೇ ನೂರು ಅಡಿ ಕೆಳಗಿರುವಾಗ ಅದೆಲ್ಲಿ?

1975ರ ಜೂನ್ 24ರಂದು ನ್ಯೂಯಾರ್ಕಿನಲ್ಲಿ ಇಳಿಯುತ್ತಿದ್ದ ಈಸ್ಟರ್ನ್ ಸಂಸ್ಥೆಯ ವಿಮಾನ ಹೀಗೆಯೇ ಉರುಳಿ 113 ಮಂದಿ ಮಡಿದರು. ಅದರ ಗುಟ್ಟನ್ನು ಭೇದಿಸಿದವರು ಷಿಕಾಗೋ ವಿಶ್ವವಿದ್ಯಾಲಯದ ಟೆಟ್ಸುಯಾ ಫುಜಿತಾ. 1945ರಲ್ಲಿ ಬಾಂಬಿಗೆ ತುತ್ತಾದ ನಾಗಸಾಕಿಯಲ್ಲಿ ಮರಗಳು ಒಂದು ಕೇಂದ್ರದಿಂದ ಹೊರಕ್ಕೆ ಒರಗಿದ್ದುದನ್ನು ಕಂಡಿದ್ದ ಆ ಜಪಾನೀ ವಿಜ್ಞಾನಿಗೆ, ಅಮೆರಿಕದ ಬಿರುಗಾಳಿ ಕೆಡವಿದ ಮರಗಳಲ್ಲಿಯೂ ಅದೇ ವಿನ್ಯಾಸ ಕಂಡಿತು. ಅವರ ಮಾತನ್ನು ಹಲವರು ಸಂದೇಹಿಸಿದರು. 1985ರ ಆಗಸ್ಟ್ 2ರಂದು ಡಲ್ಲಾಸಿನಲ್ಲಿ ಡೆಲ್ಟಾ ಸಂಸ್ಥೆಯ ವಿಮಾನವು 137 ಜೀವಗಳನ್ನು ಬಲಿಗೊಂಡಿತು. ಅವರಲ್ಲೊಬ್ಬ ಹೆದ್ದಾರಿಯಲ್ಲಿ ಕಾರು ನಡೆಸುತ್ತಿದ್ದವನು. 1988ರಲ್ಲಿ ಅಮೆರಿಕವು ಪ್ರಯಾಣಿಕ ವಿಮಾನಗಳಲ್ಲಿ ಎಚ್ಚರಿಕೆಯ ಉಪಕರಣವನ್ನು ಕಡ್ಡಾಯಗೊಳಿಸಿತು.

ಇಂದು ಡಾಪ್ಲರ್ ರೇಡಾರು ಮಳೆಹನಿಗಳ ಚಲನೆಯಿಂದಲೇ ಗಾಳಿಯ ಸಂಚನ್ನು ಅರಿಯುತ್ತದೆ. ಎಚ್ಚರಿಕೆ ಮೊಳಗಿದೊಡನೆ ಪೂರ್ಣ ಶಕ್ತಿಯೂಡಿ, ಮೂತಿಯೆತ್ತಿ, ಇಳಿಯುವ ಯತ್ನವನ್ನು ಕೈಬಿಡುವಂತೆ ಚಾಲಕರಿಗೆ ಅಭ್ಯಾಸ ಮಾಡಿಸುತ್ತಾರೆ. ಆದರೂ ಎಲ್ಲಕ್ಕಿಂತ ಮಿಗಿಲಾದ ಉಪಾಯವೆಂದರೆ ಅದರ ಗೊಡವೆಗೇ ಹೋಗದಿರುವುದು. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಬೆಂಗಳೂರಿನ ವಿಮಾನಗಳು ಆಗಸದಲ್ಲೇ ಸುತ್ತುವುದೂ, ಚೆನ್ನೈಗೆ ತಿರುಗುವುದೂ ಇದಕ್ಕಾಗಿಯೇ. ಮನೆಯವರು ನಿಲ್ದಾಣದಲ್ಲಿ ಕಾದು ಬೇಸರಗೊಳ್ಳಬಹುದು, ಪ್ರಯಾಣಿಕನು ಗೊಣಗಬಹುದು. ಆದರೆ ತಡವಾಗಿಯಾದರೂ ಅವನು ಮನೆಯ ಬಾಗಿಲು ತಟ್ಟುತ್ತಾನಲ್ಲ, ಆ ಸದ್ದಿನ ಬೆಲೆ ಕಳೆದ ಗಂಟೆಗಳಿಗಿಂತ ದೊಡ್ಡದು.