ಆಸಿಡ್ ಚೆಲ್ಲುವ ಮೊದಲು

ಬೆಂಗಳೂರಿನ ಪೀಣ್ಯದಲ್ಲಿ ಬಿಡಿಭಾಗಗಳಿಗೆ ಸತು, ತಾಮ್ರ, ಕ್ರೋಮಿಯಂ ಲೇಪ ಹಚ್ಚುವ ಪ್ಲೇಟಿಂಗ್ ಶೆಡ್‌ಗಳು ಬಹಳ. ನಾನು ಹೊಕ್ಕ ಶೆಡ್ಡಿನಲ್ಲಿ ಬಾಗಿಲಿಗೇ ಆಸಿಡ್ಡಿನ ಘಾಟು. ಎಡಕ್ಕೆ ಆಸಿಡ್ ದಾಸ್ತಾನು: ಮೊಣಕಾಲೆತ್ತರದ ಕಟ್ಟೆ, ಅದರೊಳಗೆ ನೀಲಿ ಡ್ರಮ್ಮುಗಳು. ದೊಡ್ಡ ಡ್ರಮ್ಮು 200 ಲೀಟರಿನದು. ಅದು ಪೂರಾ ಒಡೆದರೂ ಹೊರಗೆ ಹರಿಯದಂತೆ ಕಟ್ಟೆಗೆ ಕನಿಷ್ಠ 220 ಲೀಟರ್ ಹಿಡಿಯುವ ಶಕ್ತಿ ಬೇಕು. ಇಲ್ಲಿ ಅದಕ್ಕಿಂತ ಹೆಚ್ಚೇ ಇದೆ. ಕಟ್ಟೆಯಲ್ಲಿ ಚರಂಡಿಗೆ ಹೋಗುವ ತೂತು ಇದೆಯೇ ಎಂದು ಬಗ್ಗಿ ನೋಡಿದೆ, ಇಲ್ಲ. ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಪತ್ತೆಯಾಗಿರುವಾಗ ಇದು ಸಣ್ಣ ವಿಷಯವಲ್ಲ.

ಲೇಪಕ್ಕೆ ಬಳಸುವ ಸಯನೈಡ್ ಇರುವುದು ಶೆಡ್ಡಿನ ಇನ್ನೊಂದು ತುದಿಯಲ್ಲಿ, ಬೀಗ ಹಾಕಿದ ಕೋಣೆಯಲ್ಲಿ. ಅದಕ್ಕೆ ಬೇರೆ ಕಟ್ಟೆ, ಬೇರೆ ಗುಂಡಿ. ಆಸಿಡ್ಡೂ ಸಯನೈಡ್ ದ್ರಾವಣವೂ ಒಂದೇ ಕಾಲುವೆಯಲ್ಲಿ ಸೇರಿದರೆ ಹೈಡ್ರೋಜನ್ ಸಯನೈಡ್ ಅನಿಲ ಏಳುತ್ತದೆ, ಒರೆಸಲು ಬಗ್ಗಿದವರು ಮತ್ತೆ ಏಳದಿರಬಹುದು. ನೆಲದ ಇಳಿಜಾರು ಇವೆರಡನ್ನೂ ಒಂದೆಡೆ ಕೂಡಿಸುವಂತಿದ್ದರೆ ಚೆಲ್ಲಿದ್ದನ್ನು ಒರೆಸಲು ಎಂಥ ಕಿಟ್ ತಂದಿಟ್ಟೂ ಉಪಯೋಗವಿಲ್ಲ. ಕಾರ್ಖಾನೆಯ ಸುರಕ್ಷತೆ ನೋಡಹೋದವರು ಗೋಡೆಯ ಫಲಕಗಳಿಗಿಂತ ಮೊದಲು ನೆಲ ನೋಡಬೇಕು.

ಸ್ಪಿಲ್ ಕಿಟ್ಟಿನ ಹಳದಿ ಡಬ್ಬ ದಾಸ್ತಾನಿನ ಹೊರಗಿದೆ, ಬೀಗವಿಲ್ಲ. ಒಳಗಿಟ್ಟಿದ್ದರೆ ಚೆಲ್ಲಿದ್ದನ್ನು ತುಳಿದುಕೊಂಡೇ ಅದನ್ನು ತರಬೇಕಾಗುತ್ತಿತ್ತು. ಮೇಲೆ ಕನ್ನಡಕ, ಮುಖಕ್ಕೆ ಶೀಲ್ಡ್, ಉದ್ದದ ರಬ್ಬರ್ ಕೈಗವಸು, ಗಮ್ ಬೂಟು. ಕೆಳಗೆ ಒಣ ಮರಳು, ಸೋಡಾ ಆಶ್, ಪ್ಲಾಸ್ಟಿಕ್ ಸಲಿಕೆ.

“ಮರದ ಹೊಟ್ಟು ಇಡಲ್ವಾ?” ಎಂದೆ.

“ತೆಗೆಸಿಬಿಟ್ವಿ ಸಾರ್. ನೈಟ್ರಿಕ್ ತಾಗಿದ್ರೆ ಹೊಟ್ಟೇ ಹೊತ್ಕೊಳ್ಳುತ್ತೆ” ಎಂದರು ಮೇಲ್ವಿಚಾರಕರು.

ಬರೀ ನೀರು ಚೆಲ್ಲಿ ತಾಲೀಮು ತೋರಿಸಿದರು. ಮೊದಲು ಕೂಗಿ ಎಲ್ಲರನ್ನೂ ದೂರ ಸರಿಸಿದ ಹುಡುಗ, ತಾನು ಪೂರ್ತಿ ಸಜ್ಜಾಗುವವರೆಗೆ ಹತ್ತಿರ ಸುಳಿಯಲಿಲ್ಲ. ಆಮೇಲೆ ಅಂಚಿನ ಸುತ್ತ ಮರಳು, ಅಂಚಿನಿಂದ ನಡುವಿನ ಕಡೆಗೆ ಸೋಡಾ ಆಶ್, ಅದೂ ಚೂರುಚೂರೇ. ಒಮ್ಮೆಲೇ ಸುರಿದರೆ ಆಸಿಡ್ ಕಾದು ನೊರೆಯುಕ್ಕಿ ಎರಚುತ್ತದೆ. ಗಾಢ ಸಲ್ಫ್ಯೂರಿಕ್ ಮೇಲೆ ನೀರು ಹಾಕಿದರೂ ಹಾಗೇ ಸಿಡಿಯುತ್ತದೆ.

ಒಂದು ಮಾತ್ರ ಸರಿಬರಲಿಲ್ಲ. ಕಣ್ಣು ತೊಳೆಯುವ ನಲ್ಲಿಯ ಮುಂದೆ ಪ್ಯಾಕಿಂಗ್ ಪೆಟ್ಟಿಗೆಗಳನ್ನು ಪೇರಿಸಿದ್ದರು. ಕಣ್ಣಿಗೆ ಆಸಿಡ್ ಬಿದ್ದವರು ತಡಕಾಡಿಕೊಂಡು ಬರುವ ದಾರಿ ಅದು. ತಕ್ಷಣ ತಲುಪಬೇಕು, ಕನಿಷ್ಠ 15 ನಿಮಿಷ ತೊಳೆಯಬೇಕು. ಹೇಳಿದೊಡನೆ ಮೇಲ್ವಿಚಾರಕರು ಪೆಟ್ಟಿಗೆಗಳನ್ನು ತೆಗೆಸಿ, ಆ ಜಾಗಕ್ಕೆ ಹಳದಿ ಗೆರೆ ಎಳೆಯಲು ಬಣ್ಣ ತರಿಸಿದರು.