ಎಂಟು ಜನ ಹೋದರು, ಮೂವರು ಉಳಿದರು

ನೋಟಿಸ್ ಬೋರ್ಡಿನಲ್ಲಿ ಹತ್ತು ಹೆಸರಿದ್ದವು. ತಂಡದಲ್ಲಿದ್ದವರು ಹನ್ನೆರಡು ಜನ. ಅಂತರ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಗೆ ಬಂದ ಟಿ.ಎ., ಡಿ.ಎ. ಹತ್ತು ಜನಕ್ಕಷ್ಟೇ ಸಾಕಂತೆ. ಬಿಟ್ಟುಹೋದ ಎರಡು ಹೆಸರಿನಲ್ಲಿ ಒಂದು ನನ್ನದು. ಮೂರು ತಿಂಗಳು ಬೆಳಿಗ್ಗೆ ಐದೂವರೆಗೆ ಎದ್ದು ಸಿಮೆಂಟ್ ಕೋರ್ಟಿನಲ್ಲಿ ಮಂಡಿ ತರಚಿಕೊಂಡದ್ದೆಲ್ಲ ಇದಕ್ಕಾ ಅನ್ನಿಸಿತು.

ಆ ವಾರ ಹಾಸ್ಟೆಲ್ಲಿನಲ್ಲಿ ಮುಖ ಊದಿಸಿಕೊಂಡು ಮೊಬೈಲ್ ತಡಕುತ್ತಿದ್ದಾಗ ‘ದ ಮೈಟಿ ಮ್ಯಾಕ್ಸ್’ ಸಿನಿಮಾ ಸಿಕ್ಕಿತು. ಅಮೆರಿಕದ ಪೆನ್ಸಿಲ್ವೇನಿಯಾದ ಇಮ್ಯಾಕ್ಯುಲೇಟಾ ಎಂಬ ಪುಟ್ಟ ಮಹಿಳಾ ಕಾಲೇಜಿನ ತಂಡದ ಕಥೆ. ಸಿನಿಮಾ ಪರವಾಗಿಲ್ಲ. ಆಮೇಲೆ ಹುಡುಕಿ ಓದಿದ ನಿಜ ಸಂಗತಿಯೇ ನನ್ನನ್ನು ಹಿಡಿದು ಕೂರಿಸಿದ್ದು.

ಕ್ರೈಸ್ತ ಸನ್ಯಾಸಿನಿಯರು ನಡೆಸುತ್ತಿದ್ದ ಕಾಲೇಜದು. ಇದ್ದ ಜಿಮ್ 1967ರಲ್ಲೇ ಸುಟ್ಟುಹೋಗಿತ್ತು. ಹೀಗಾಗಿ ತವರಿನಲ್ಲಿ ಪಂದ್ಯವೇ ಇಲ್ಲ! ಸಮವಸ್ತ್ರ ಎಂದರೆ ನೆರಿಗೆಯ ಉಣ್ಣೆ ಟ್ಯೂನಿಕ್. ಅದನ್ನು ಹಾಕಿಕೊಂಡು ಹೇಗೆ ಓಡಿದರೋ ದೇವರೇ ಬಲ್ಲ. ಕೋಚ್ ಕ್ಯಾಥಿ ರಶ್ ಇನ್ನೂ ಇಪ್ಪತ್ತರ ಹರೆಯದವರು, ಸಂಬಳ 450 ಡಾಲರ್. ಸನ್ಯಾಸಿನಿಯರು ಪಂದ್ಯಕ್ಕೆ ಬಂದು ಬಕೆಟ್ ಬಡಿದು ಹುರಿದುಂಬಿಸುತ್ತಿದ್ದರಂತೆ.

1972ರ ಆ ಸೀಸನ್‌ನಲ್ಲಿ ಅವರು ಸೋತದ್ದು ಒಂದೇ ಪಂದ್ಯ. ಆದರೆ ಎಂಥ ಸೋಲು! ಪಕ್ಕದೂರಿನ ವೆಸ್ಟ್ ಚೆಸ್ಟರ್ ಕಾಲೇಜಿನ ಎದುರು 38-70. ಕ್ಯಾಥಿ ಓದಿದ್ದೂ ಅಲ್ಲೇ. ಅಷ್ಟಾದರೂ ಇಲಿನಾಯ್‌ನ ನಾರ್ಮಲ್ ಎಂಬ ಊರಿನಲ್ಲಿ ನಡೆಯಲಿದ್ದ ಮೊದಲ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ಅವಕಾಶ ಸಿಕ್ಕಿತು. ಹದಿನಾರು ತಂಡಗಳಲ್ಲಿ ಇವರ ಶ್ರೇಯಾಂಕ ಹದಿನೈದು. ಹೋಗಲು ಮಾತ್ರ ಕಾಸಿಲ್ಲ. ಹುಡುಗಿಯರು ಟೂತ್ ಬ್ರಷ್ ಮಾರಿದರು. ಆದರೂ ಹನ್ನೊಂದು ಜನರಲ್ಲಿ ಎಂಟು ಜನ ಹೋಗಲಿಕ್ಕಷ್ಟೇ ಹಣ ಸಾಲಿತು. ಅದೂ ಸೀಟು ಖಾಲಿ ಉಳಿದರೆ ಮಾತ್ರ ಹತ್ತಿಸಿಕೊಳ್ಳುವ ಸ್ಟ್ಯಾಂಡ್‌ಬೈ ವಿಮಾನ ಟಿಕೆಟ್ಟಿನಲ್ಲಿ.

ಎಂಟು ಜನ ಅಂದರೆ ಏನೆಂದು ಆಡಿದವರಿಗೆ ಗೊತ್ತು. ಅಂಕಣದಲ್ಲಿ ಐವರು, ಬೆಂಚಿನಲ್ಲಿ ಮೂವರೇ. ಐದು ಫೌಲ್ ಆದವಳು ಆ ಪಂದ್ಯಕ್ಕೆ ಮುಗಿದಳು. ಒಬ್ಬಳ ಹಿಮ್ಮಡಿ ಉಳುಕಿದರೂ ಲೆಕ್ಕ ತಪ್ಪುತ್ತದೆ. ಅಂಥದ್ದರಲ್ಲಿ ಬೆನ್ನು ಬೆನ್ನಿಗೆ ಮೂರು ಪಂದ್ಯ ಗೆದ್ದು ಫೈನಲ್ ತಲುಪಿದರೆ, ಎದುರಿಗೆ ಮತ್ತದೇ ವೆಸ್ಟ್ ಚೆಸ್ಟರ್. ಈ ಬಾರಿ 52-48. ಗೆದ್ದದ್ದು ಇಮ್ಯಾಕ್ಯುಲೇಟಾ!

1973, 1974ರಲ್ಲೂ ಅವರೇ ಚಾಂಪಿಯನ್ನರು. 1975ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಅವರ ಆಟ ನೋಡಲು ಸುಮಾರು ಹನ್ನೆರಡು ಸಾವಿರ ಜನ ಸೇರಿದ್ದರು. 2014ರಲ್ಲಿ ಇಡೀ ತಂಡಕ್ಕೆ ಬ್ಯಾಸ್ಕೆಟ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿ ಜಾಗ ಸಿಕ್ಕಿತು.

ನನಗೆ ಮಾತ್ರ ಉಳಿದ ಆ ಮೂವರದ್ದೇ ಚಿಂತೆ. ಫೈನಲ್ ದಿನ ಸಂಜೆ ಅವರು ಏನು ಮಾಡುತ್ತಿದ್ದಿರಬಹುದು? ಸುದ್ದಿ ಕೇಳಿ ಕುಣಿದರೋ, ಬಾತ್‌ರೂಮಿನ ನಲ್ಲಿ ತಿರುಗಿಸಿ ಅತ್ತರೋ? ಎರಡನ್ನೂ ಮಾಡಿರುತ್ತಾರೆ ಅಂತ ನನ್ನ ಊಹೆ. ಟೂತ್ ಬ್ರಷ್‌ಗಳನ್ನು ಅವರೂ ಮಾರಿದ್ದಿರಬೇಕಲ್ಲ.

ನಮ್ಮ ತಂಡ ಎರಡನೇ ಸುತ್ತಿನಲ್ಲಿ ಸೋತು ಬಂತು. ‘ಕೊನೆಯಲ್ಲಿ ನಿಲ್ಲೋಕೂ ಆಗ್ತಿರಲಿಲ್ಲ ಕಣೇ, ಬದಲಿಗೆ ಇಳಿಸೋಕೆ ಜನ ಬೇಕಿತ್ತು’ ಅಂದಳು ಕ್ಯಾಪ್ಟನ್. ಮೊದಲು ಕೋಪ ಬಂತು. ಆಮೇಲೆ ಅವಳಿಗೆ ಇಮ್ಯಾಕ್ಯುಲೇಟಾ ಕಥೆ ಹೇಳಿದೆ.

ಈ ವರ್ಷ ಕಾಲೇಜು ಫೆಸ್ಟ್‌ನಲ್ಲಿ ನಮ್ಮದೊಂದು ಚುರುಮುರಿ ಸ್ಟಾಲ್ ಇತ್ತು. ಈರುಳ್ಳಿ ಹೆಚ್ಚಿದ್ದು ನಾನು, ಗಲ್ಲಾಪೆಟ್ಟಿಗೆ ಕ್ಯಾಪ್ಟನ್‌ದು. ಖರ್ಚು ಕಳೆದು ಉಳಿದದ್ದು ಇಬ್ಬರ ಬಸ್ ಚಾರ್ಜಿಗೆ ಸಾಕು, ಊಟಕ್ಕೆ ಇನ್ನೂ ಸಾಲದು. ಪಂದ್ಯಾವಳಿಗೆ ಮೂರು ವಾರ ಇದೆ.