ಇಂಧನಕ್ಕಾಗಿ ಹುಲ್ಲಿನ ಬೇಸಾಯ

ಅಮೆರಿಕಾದ ಬಯಲುಗಳಲ್ಲಿ ಇಂಧನಕ್ಕಾಗಿ ಬೆಳೆಯುವ ಸ್ವಿಚ್‌ಗ್ರಾಸ್ ಹುಲ್ಲನ್ನು ಚಳಿಗೆ ಒಣಗಿದ ಮೇಲೆ, ಸಾರವು ಬೇರಿಗಿಳಿದ ತರುವಾಯ, ವರುಷಕ್ಕೊಮ್ಮೆ ಕೊಯ್ಯುವರು. ದಾವಣಗೆರೆ, ಹರಿಹರದ ಸೀಮೆಯಲ್ಲಿ ಅಂತಹ ಚಳಿಯಿಲ್ಲ. ಇಲ್ಲಿಗೆ ಒಪ್ಪುವುದು ಸಜ್ಜೆಗೂ ಆನೆಹುಲ್ಲಿಗೂ ಸಂಕರವಾದ ನೇಪಿಯರ್ ಹುಲ್ಲು. ಕೋ-3, ಕೋ-4 ಎಂಬವು ಅದರ ಹೆಸರಾದ ತಳಿಗಳು. ಇದು ಮೊಳೆಯುವ ಬೀಜ ಕಟ್ಟದಾದುದರಿಂದ ಎರಡು ಗಿಣ್ಣುಗಳುಳ್ಳ ಕಾಂಡದ ತುಂಡುಗಳನ್ನು ನೆಡತಕ್ಕದ್ದು. ನೀರು ನಿಲ್ಲುವ ನೆಲ ಸಲ್ಲದು. ಭದ್ರಾ ನಾಲೆಯ ಬತ್ತದ ಗದ್ದೆಯನ್ನು ಇದಕ್ಕೆ ಬಿಡುವುದಂತೂ ಜಾಣತನವಲ್ಲ.

ಮೇವಿಗಾದರೆ ಎಳೆಯದಾಗಿ, ಸುಮಾರು 45 ದಿನಗಳಿಗೊಮ್ಮೆ ಕೊಯ್ಯಬೇಕು. ಉರಿಸುವುದಕ್ಕಾದರೆ ಬಲಿಯಗೊಡಬೇಕು; ಎಳೆಯ ಹುಲ್ಲಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರೇ, ಅದನ್ನು ಗಾಡಿಯಲ್ಲಿ ಹೇರಿ ಸಾಗಿಸಿದವನಿಗೆ ಬಾಡಿಗೆಯೂ ಹುಟ್ಟದು. ಪ್ರತಿ ಕೊಯ್ಲಿನೊಡನೆ ಹೊಲದ ಸಾರಜನಕವೂ ಪೊಟ್ಯಾಷೂ ಹೊರಗೆ ಹೋಗುವುದರಿಂದ ಕೊಟ್ಟಿಗೆ ಗೊಬ್ಬರವನ್ನು ಮರೆಯಲಾಗದು. ಕೊಳ್ಳುವವರು ಗೊತ್ತಾಗುವವರೆಗೆ ಮನೆಯ ದನಗಳು ತಿಂದು ತೀರಿಸುವಷ್ಟನ್ನು ಮಾತ್ರ ನೆಡುವುದು ಲೇಸು.